ಖಾಲಿ ಗಾಡಿಯ ತೂಕ

ವಾಸ್ಕೋದಲ್ಲಿ ಮಂಜು ಬೀಳುವುದು ಅಪರೂಪ.
ಬೀಳುವುದೇನಿದ್ದರೂ ಕಲ್ಲಿದ್ದಲ ಪುಡಿ:
ಒಣಹಾಕಿದ ಬನಿಯನ್ನಿನ ಮೇಲೆ, ತುಳಸಿಯ ಮೇಲೆ,
ಈಗ ಎದೆಗೆ ಪಿನ್ನು ಚುಚ್ಚಿಕೊಂಡ
ನಾಲ್ಕುನೂರ ಹನ್ನೊಂದರ ಮೇಲೆ.

ಚಿಕಾಲಿಮ್ ಮೈದಾನ, ಬೆಳಗಿನ ಐದೂಮುಕ್ಕಾಲು.
ಹತ್ತು ಕಿಲೋಮೀಟರಿಗೆ ಮುನ್ನೂರೈವತ್ತು ರೂಪಾಯಿ,
ಬದಲಿಗೆ ಒಂದು ಬಾಳೆಹಣ್ಣು, ಒಂದು ಟೀಶರ್ಟು.
ಹೊಟ್ಟೆಯ ವಿಷಯದಲ್ಲಿ ದಾನಿಗಳು ಜಿಪುಣರು.
ಕೂಡಿದ ದುಡ್ಡು ಊರಿನ ಎರಡನೇ ಆಂಬುಲೆನ್ಸಿಗೆ.
ಮೊದಲನೆಯದು ನಮ್ಮ ಹಿಂದೆಯೇ ಬರುತ್ತದೆ,
ಕೊನೆಯವನ ಬೆನ್ನಿಗೆ, ಕೊನೆಯವನ ವೇಗದಲ್ಲಿ.

ಅಂದರೆ, ಒಂದನೇ ಕಿಲೋಮೀಟರು ಮುಗಿಯುವ ಹೊತ್ತಿಗೆ
ನನ್ನ ಬೆನ್ನಿಗೆ.

"ಸಾವ್ಕಾಸ್, ಸಾವ್ಕಾಸ್" ಅನ್ನುತ್ತಾನೆ ಕಾಯ್ತಾನ್
ಕಿಟಕಿಯಿಂದ ಮೊಣಕೈ ಹೊರಚೆಲ್ಲಿ. ನಿಧಾನಕ್ಕೆ ಅಂತ.
ಇದಕ್ಕಿಂತ ನಿಧಾನಕ್ಕೆ ಓಡುವ ವಿದ್ಯೆ
ನನಗೆ ಬರೂದಿಲ್ಲ ತಮ್ಮಾ.

ದಾಬೋಳಿಯ ಏರಿನಲ್ಲಿ ಎಲ್ಲರೂ ಮರೆಯಾದರು:
ನೌಕಾಪಡೆಯ ಹುಡುಗರು, ಕಾನ್ವೆಂಟಿನ ಸಿಸ್ಟರು,
ಕೂಸಿನ ಗಾಡಿ ತಳ್ಳುತ್ತ ಓಡುವ ತಾಯಿ.
ಕೂಸು ಹೊರಳಿ ನನ್ನನ್ನೇ ನೋಡಿತು, ಬಹಳ ಹೊತ್ತು,
ಆಡಿಟ್ಟಿಗೆ ಬಂದವರ ಹಾಗೆ.
ಒಂದು ವಿಮಾನ ತಲೆಯ ಮೇಲೇ ಚಕ್ರ ಬಿಚ್ಚಿಕೊಂಡು
ಅದೂ ನನ್ನನ್ನು ದಾಟಿತು.

ನನ್ನ ಕೆಲಸವೂ ಲೆಕ್ಕದ್ದೇ. ಬಂದರಿನ ಗೇಟಿನಲ್ಲಿ ವೇಬ್ರಿಜ್ಜು.
ತುಂಬಿದ ಲಾರಿ ಒಮ್ಮೆ, ಖಾಲಿ ಲಾರಿ ಒಮ್ಮೆ,
ಕಳೆದು ಉಳಿದದ್ದು ಮಾಲು. ಚೀಟಿ, ಸೀಲು, ಮುಂದಿನದು.
ಹತ್ತೊಂಬತ್ತು ವರ್ಷ ಕೂತು ತೂಗಿದೆ.

ಆ ರಾತ್ರಿ ಮುದಕಪ್ಪ ಲಾರಿಯ ಮೇಲಿಂದ
ತಾಡಪತ್ರಿ ಸಮೇತ ಜಾರಿದಾಗ
ಆಂಬುಲೆನ್ಸು ಬಾಂಬೋಳಿಗೆ ಹೋಗಿತ್ತು, ಒಂದು ಹೆರಿಗೆ ಹೊತ್ತು.
ಖಾಲಿ ಲಾರಿಯಲ್ಲೇ ಮಲಗಿಸಿದರು.
ಗೇಟು ದಾಟಲು ದಾರಿ ಒಂದೇ, ತಕ್ಕಡಿಯ ಮೇಲೆ ಹಾದು.
ಕೆಂಪು ಅಂಕಿ ಕುಣಿದು, ತಡೆದು, ನಿಂತವು.
ಕೈಗೆ ರೂಢಿ; ಬರೆದುಬಿಟ್ಟೆ.
ಮಾಲು ಎಂಬ ಕಾಲಮ್ಮಿನಲ್ಲಿ
ಅರವತ್ತು.

ಆ ಚೀಟಿ ಹರಿಯಲಿಲ್ಲ. ಎಲ್ಲಿದೆ ಅಂತ ಗೊತ್ತಿದೆ,
ತೆಗೆಯುವುದಿಲ್ಲ.

ಬೋಗ್ಮಾಳೋ ಇಳಿಜಾರು. ಕಡಲು ಕಾಣುವ ತಿರುವಿನಲ್ಲಿ
ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಮುದಕಪ್ಪ.
ಒಂದು ಕಾಲು ಎರಡು ಬೆರಳು ಗಿಡ್ಡ,
ನಾಲಿಗೆ ಮೊದಲಿನಷ್ಟೇ ಉದ್ದ.
ಇಲ್ಲಿಯತನಕ ಬಂದದ್ದಕ್ಕೆ ಸಾಕ್ಷಿ, ರಬ್ಬರ್ ಬ್ಯಾಂಡು ಹಂಚುತ್ತಾನೆ.
"ಎಲ್ಲಾ ಖಾಲಿ ಆದವಲ್ಲೋ! ನಿನಗಂತ ಒಂದು ಇಟ್ಟಿದ್ದೆ,
ಅದನ್ನೂ ಒಬ್ಬಾಕಿ ಜಡಿಗೆ ಬೇಕಂತ ಒಯ್ದಳು."
ಬಾಳೆಗೊನೆಯ ಸುತಳಿ ಹರಿದು ನನ್ನ ಮಣಿಕಟ್ಟಿಗೆ ಕಟ್ಟಿದ
ತಾಡಪತ್ರಿ ಬಿಗಿಯುವ ಗಂಟು.
"ಬಿಚ್ಚಂಗಿಲ್ಲ. ನಡಿ."

ವಾಪಸು ಏರಿನಲ್ಲಿ ಕಾಯ್ತಾನ್ ಹಿಂದಿನ ಬಾಗಿಲು ತೆರೆದು ತೋರಿಸಿದ:
ಬಿಳಿ ಹಾಸು, ದಿಂಬು, ಒಂದೂ ಸುಕ್ಕಿಲ್ಲ.
ಕೂತುಕೋ, ಯಾರಿಗೂ ಹೇಳುವುದಿಲ್ಲ.
ಅದು ಖಾಲಿಯೇ ಇರಲಿ ಅಂದೆ.

ಎಂಟನೇ ಕಿಲೋಮೀಟರಿಗೆ ಅವನ ಫೋನು ಬಡಕೊಂಡಿತು.
ಕಾಯ್ತಾನ್ ಮುಖ ಬದಲಾಯಿತು, ಸೈರನ್ನು ಎದ್ದಿತು,
ನಾನು ಚರಂಡಿಯ ಕಡೆ ಸರಿದು ದಾರಿ ಬಿಟ್ಟೆ.
ಅದೂ ದಾಟಿ ಹೋಯಿತು.

ಬೆನ್ನಿಗೆ ಯಾರೂ ಇಲ್ಲ ಈಗ.
ಎಷ್ಟು ನಡೆದರೂ ನಡೆಯುತ್ತಿತ್ತು.
ಯಾಕೋ ಅಲ್ಲಿಂದಲೇ ನಿಜವಾಗಿ ಓಡಿದೆ,
ಬಾಯಿ ತೆರೆದು, ಚೆಂದವಿಲ್ಲದೆ,
ಕೈಯ ಸುತಳಿ ಬೆವರು ಕುಡಿದು ಬಿಗಿಯುತ್ತ.

ಗುರಿಯ ಕಮಾನಿನ ಗಾಳಿ ತೆಗೆದು ಮಡಚುತ್ತಿದ್ದರು.
ಪಟ್ಟಿ ಹಿಡಿದ ಹುಡುಗಿ ಮಣಿಕಟ್ಟು ನೋಡಿದಳು, "ಇದೇನು ಅಂಕಲ್?"
ನನಗೆ ಉಸಿರಿರಲಿಲ್ಲ. ಅವಳೇ ಏನೋ ಬರೆದುಕೊಂಡಳು.

ಸೋಮವಾರ, ಲಾರಿ ಬರುವ ಮುಂಚೆ,
ತಕ್ಕಡಿಯ ಕಬ್ಬಿಣದ ಮೇಲೆ ಒಬ್ಬನೇ ನಿಂತೆ.
ಎಂಬತ್ತು. ಕಳೆದ ವಾರವೂ ಎಂಬತ್ತೇ.
ಇಪ್ಪತ್ತಿಪ್ಪತ್ತಾಗಿ ಎಣಿಸುವ ಯಂತ್ರಕ್ಕೆ
ನಡುವಿನದು ಯಾವುದೂ ಕಾಣುವುದಿಲ್ಲ.

ಹಿಂದೆ ಹಾರ್ನು.
ಸರಿದು ನಿಂತು ದಾರಿ ಬಿಟ್ಟೆ.